ಗಿರಿಜಾಳ ಮಂಡಿಯೂ ಅಜ್ಜಿಯ ಪಟ್ಟೆ ಸೀರೆಯೂ

ಮನೆಗೆ ಬಣ್ಣ ಹೊಡೆಸುವ ಮೊದಲು ಅಟ್ಟ ಖಾಲಿ ಮಾಡಿಕೊಡಿ ಎಂದು ಬಣ್ಣದವರು ಹೇಳಿದ್ದರು. ಅಟ್ಟದಿಂದ ಏನೇನು ಇಳಿಯುತ್ತದೆ ಎನ್ನುವುದು ನಿಮಗೆ ಗೊತ್ತೇ ಇದೆ. ತಳ ಹೋದ ಹಿತ್ತಾಳೆ ಕೊಳಗ, ತೊಟ್ಟಿಲಿನ ಒಂದೇ ಒಂದು ಕಾಲು, ಯಾವ ವಿಗ್ರಹಕ್ಕೂ ಹೊಂದದ ಪ್ರಭಾವಳಿ. ಇವುಗಳ ಹಿಂದೆ ಒಂದು ಉದ್ದನೆಯ ಬಿದಿರು ಕೋಲು ಗೋಡೆಗೆ ಒರಗಿಕೊಂಡು ನಿಂತಿತ್ತು. ನನ್ನ ಮಗಳು ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಇದೇನಮ್ಮಾ, ಮಾವಿನಕಾಯಿ ಕೀಳೋದಾ?" ಎಂದಳು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮಾವಿನ ಮರ ಯಾವತ್ತೂ ಇರಲಿಲ್ಲ. ಇದ್ದದ್ದು ಒಂದು ನುಗ್ಗೆ ಮರ, ಅದೂ ಪಕ್ಕದ ಮನೆಯವರದು.

ಅದು ಅಜ್ಜಿಯ ಮಡಿಕೋಲು. ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿದ ಸೀರೆಯುಟ್ಟು, ಅಡುಗೆ ಪೂಜೆ ಮುಗಿಯುವ ತನಕ ಯಾರಿಗೂ ಸೋಕದಂತೆ ಇರುವುದು ಮಡಿ. ಆ ಸೀರೆಯನ್ನು ಎತ್ತರದ ಗಳದ ಮೇಲೆ ಹರವುವುದಕ್ಕೂ ಅಲ್ಲಿಂದ ಇಳಿಸುವುದಕ್ಕೂ ಈ ಕೋಲು. ಮಗಳಿಗೆ ಇಷ್ಟು ವಿವರಿಸುವಷ್ಟರಲ್ಲಿ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಗಿರಿಜಾಳ ಬಲಮಂಡಿ. ಕೋಲಿಗೂ ಮಂಡಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಾ? ಕುಳಿತುಕೊಳ್ಳಿ, ಬಣ್ಣದವರು ಬರುವುದು ಹೇಗೂ ತಡ.

ಗಿರಿಜಾ ನನ್ನ ಹೈಸ್ಕೂಲಿನ ಸಹಪಾಠಿ. ಅವಳ ತಂದೆ ಕೆಂಪಣ್ಣನವರಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಸಣ್ಣ ಅಂಗಡಿ ಇತ್ತು. ಮಾಗಡಿ ಕಡೆಯ ಒಕ್ಕಲು ಮನೆತನ, ಹೊಲ ಬಿಟ್ಟು ಪೇಟೆಗೆ ಬಂದವರು. ಅವಳು ಖೋ ಖೋ ಆಡುತ್ತಿದ್ದಳು ಎಂದರೆ ಸಾಲದು. ರಾಜ್ಯದ ತಂಡದಲ್ಲಿ ಆಡುತ್ತಿದ್ದಳು, ಪೇಪರಿನ ಆಟದ ಪುಟದಲ್ಲಿ ಅವಳ ಹೆಸರು ಬರುತ್ತಿತ್ತು. ಹೆಸರು ಬಂದ ದಿನ ನಮ್ಮ ರಸ್ತೆಯ ಕಾಫಿಪುಡಿ ಅಂಗಡಿಯ ರಾಮಣ್ಣ ಆ ಹಾಳೆಯನ್ನು ಗಾಜಿನ ಬೀರುವಿಗೆ ಅಂಟಿಸುತ್ತಿದ್ದ. ಅದು ಹಳದಿಯಾಗಿ ತಾನೇ ಉದುರುವವರೆಗೂ ಕಿತ್ತು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಇಡೀ ದೇಶ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದ ಕಾಲದಲ್ಲಿ ನಮ್ಮ ನಾಲ್ಕು ರಸ್ತೆಗಳು ಮಾತ್ರ ಗಿರಿಜಾಳ ಹಿಂದೆ ಬಿದ್ದಿದ್ದವು.

ನಾನೂ ಖೋ ಖೋ ಆಡಿದವಳೇ. ನಗಬೇಡಿ. ಅಂಕಣದ ನಡುವೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂರಬೇಕು, ಹಿಂದಿನಿಂದ ಬಂದವಳು ಬೆನ್ನು ತಟ್ಟಿ "ಖೋ" ಎಂದ ತಕ್ಷಣ ಎದ್ದು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟಬೇಕು. ನನ್ನ ಬೆನ್ನು ತಟ್ಟಿದರೆ ನಾನು ಹಿಂದಕ್ಕೆ ತಿರುಗಿ ಯಾರು ತಟ್ಟಿದ್ದು ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಎದುರಾಳಿ ಅಂಕಣದ ಆ ತುದಿಯಲ್ಲಿ ನಿಂತು ರಿಬ್ಬನ್ ಸರಿ ಮಾಡಿಕೊಳ್ಳುತ್ತಿದ್ದಳು. ಡ್ರಿಲ್ ಮೇಷ್ಟ್ರು ನನ್ನನ್ನು ನೀರಿನ ಕೊಡ ಕಾಯುವ ಕೆಲಸಕ್ಕೆ ವರ್ಗ ಮಾಡಿದರು. ಆ ಜಾಗದಿಂದ ಗಿರಿಜಾಳ ಆಟ ಚೆನ್ನಾಗಿ ಕಾಣುತ್ತಿತ್ತು, ಅದೊಂದು ಲಾಭ.

ಕೂತವರ ಸಾಲಿನ ನಡುವೆ ಅವಳು ಹಾವಿನ ಹಾಗೆ ಹೆಣೆದುಕೊಂಡು ಓಡುತ್ತಿದ್ದಳು. ಇನ್ನೇನು ಕೈ ಬಿತ್ತು ಎನ್ನುವಾಗ ಬಲಗಾಲ ಮೇಲೆ ಗಕ್ಕನೆ ನಿಂತು ತಿರುಗಿಬಿಡುತ್ತಿದ್ದಳು, ಅಟ್ಟಿಸಿಕೊಂಡು ಬಂದವಳು ಗಾಳಿಯನ್ನು ಮುಟ್ಟಿ ಮುಂದೆ ಹೋಗಿ ಬೀಳುತ್ತಿದ್ದಳು. ಎಲ್ಲಾ ಇದ್ದದ್ದು ಆ ಬಲಮಂಡಿಯಲ್ಲಿ.

ಈಗ ಅಜ್ಜಿಗೆ ಬರುತ್ತೇನೆ. ನಮ್ಮ ತಾರಸಿಯ ಮೇಲೆ ನಿಂತರೆ ಶಾಲೆಯ ಮೈದಾನ ಕಾಣುತ್ತಿತ್ತು. ಬೆಳಗ್ಗೆ ಅಜ್ಜಿ ಒದ್ದೆ ಸೀರೆಯಲ್ಲಿ, ಕೋಲು ಹಿಡಿದು ಮಡಿಬಟ್ಟೆ ಹರವಲು ಮೇಲೆ ಹೋಗುವ ಹೊತ್ತಿಗೂ ಗಿರಿಜಾಳ ಅಭ್ಯಾಸದ ಹೊತ್ತಿಗೂ ಸರಿಹೋಗುತ್ತಿತ್ತು. ಮೊದಮೊದಲು ಅಜ್ಜಿಗೆ ಸಿಟ್ಟು ಬರುತ್ತಿತ್ತಂತೆ. "ಪಾಪ, ಆ ಒಂದು ಹುಡುಗೀನ ಅಷ್ಟು ಜನ ಸೇರ್ಕೊಂಡು ಯಾಕೆ ಅಟ್ಟಾಡಿಸ್ತಾರೆ?" ಎಂದು ಕೆಳಗೆ ಬಂದು ಕೇಳುತ್ತಿದ್ದಳು. ನಾನು ಆಟದ ನಿಯಮ ಹೇಳಿಕೊಟ್ಟೆ. ಮುಟ್ಟಿಸಿಕೊಳ್ಳದೆ ಎಷ್ಟು ಹೊತ್ತು ಉಳಿಯುತ್ತೀಯೋ ಅಷ್ಟು ಗೆಲುವು ಎಂದೆ. ಅಜ್ಜಿಯ ಮುಖ ಅರಳಿತು. "ಹಾಗೋ! ಮುಟ್ಟಿಸ್ಕೊಳ್ದೇ ಇರೋದು ಅಂದ್ರೆ ಸುಮ್ನೇನಾ? ಅದರ ಕಷ್ಟ ನನ್ನ ಕೇಳು" ಎಂದಳು. ಆ ದಿನದಿಂದ ಅಜ್ಜಿ ಗಿರಿಜಾಳ ಕಟ್ಟಾ ಅಭಿಮಾನಿ. ಸೀರೆ ಅರ್ಧ ಗಳದ ಮೇಲೆ, ಅರ್ಧ ಕೋಲಿನ ಮೇಲೆ. "ಹಿಂದೆ ಬಂದ್ಲು ನೋಡೇ! ತಿರುಗೇ, ತಿರುಗೇ!" ಎಂದು ತಾರಸಿಯಿಂದ ಕೂಗುವುದು ಮೈದಾನದ ಆಚೆಗೂ ಕೇಳಿಸುತ್ತಿತ್ತು.

ಅಭ್ಯಾಸ ಮುಗಿಸಿ ಗಿರಿಜಾ ನೀರು ಕುಡಿಯಲು ನಮ್ಮ ಮನೆಗೆ ಬರುತ್ತಿದ್ದಳು. ಜಗಲಿಯ ಮೇಲೆ ಕೂರುತ್ತಿದ್ದಳು. ಅವಳಿಗೆಂದೇ ಒಂದು ಸ್ಟೀಲ್ ಲೋಟ ಅಲ್ಲೇ ಗೂಡಿನಲ್ಲಿ ಇರುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಚೊಂಬಿನಿಂದ ಎತ್ತರದಿಂದ ಮಜ್ಜಿಗೆ ಸುರಿಯುತ್ತಿದ್ದಳು, ಕೋಡುಬಳೆಯನ್ನು ಅಂಗೈಗೆ ಮೇಲಿನಿಂದ ಹಾಕುತ್ತಿದ್ದಳು. ಮಡಿಯಲ್ಲಿದ್ದಾಗ ನಮಗೂ ಹಾಗೇ. ಆದರೆ ಮಧ್ಯಾಹ್ನ ಊಟವಾಗಿ ಮಡಿ ಕಳೆದ ಮೇಲೆ ನಾನು ಅಜ್ಜಿಯ ತೊಡೆಯ ಮೇಲೆ ಮಲಗುತ್ತಿದ್ದೆ. ಗಿರಿಜಾ ಸಂಜೆ ಬಂದರೂ ಜಗಲಿಯಲ್ಲೇ. ಒಳಗೆ ಬಾ ಎಂದು ಯಾರೂ ಅನ್ನುತ್ತಿರಲಿಲ್ಲ, ಅವಳೂ ಬರುತ್ತಿರಲಿಲ್ಲ. ಅಜ್ಜಿ ಹತ್ತಿರ ಬಂದರೆ ಸರಿದು ಜಾಗ ಬಿಡುತ್ತಿದ್ದಳು. ಅದು ಅಂಕಣದಲ್ಲಿ ತಿರುಗಿದಷ್ಟೇ ಚುರುಕಾಗಿ, ತಾನೇ ತಾನಾಗಿ ಆಗುತ್ತಿತ್ತು. ಅದರಲ್ಲಿ ನೋಡುವುದೇನಿದೆ ಎಂದು ನಾವು ಯಾರೂ ನೋಡಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನಾಗ ಡಿಗ್ರಿ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ಪಂದ್ಯದಲ್ಲಿ ಗಿರಿಜಾ ಬಲಗಾಲ ಮೇಲೆ ತಿರುಗಿದಳು, ದೇಹ ತಿರುಗಿತು, ಕಾಲು ತಿರುಗಲಿಲ್ಲ. ಮಂಡಿಯೊಳಗೆ ಲಿಗಮೆಂಟ್ ಹರಿದಿದೆ ಎಂದರು. ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ, ಮುಂದಿನ ವರ್ಷ ಮತ್ತೆ ಓಡುತ್ತಾಳೆ ಎಂದು ಡಾಕ್ಟರು ಹೇಳಿದರು. ರಾಮಣ್ಣ ಅಂಗಡಿಗೆ ಬಂದವರಿಗೆಲ್ಲ ಕಲ್ಲುಸಕ್ಕರೆ ಹಂಚಿದ.

ಇನ್ನು ನೋಡಿಕೊಂಡು ಬರುವ ಸಡಗರ. ನಮ್ಮ ಕಡೆಯವರು ಆಸ್ಪತ್ರೆಗೆ ಹೋಗುವುದು ಸೀಮಂತಕ್ಕೆ ಹೋದ ಹಾಗೆ. ಒಬ್ಬರು ಹೋದರೆ ಇನ್ನೊಬ್ಬರಿಗೆ ಬೇಜಾರು, ಆದ್ದರಿಂದ ಎಲ್ಲರೂ ಹೋಗಬೇಕು. ಬ್ರೆಡ್ಡು, ಮೂಸಂಬಿ, ಎಳನೀರು, ಮಾರ್ಕೆಟ್ಟಿನಿಂದ ಒಂದು ಮೊಳ ಮಲ್ಲಿಗೆ. ಹೋದವರೆಲ್ಲ ಮಂಚದ ಅಂಚಿನಲ್ಲಿ ಕೂತು, ಬ್ಯಾಂಡೇಜಿನ ಮೇಲೆ ಕೈಯಿಟ್ಟು, "ಇಲ್ಲಿ ನೋವಿದ್ಯಾ?" ಎಂದು ಕೇಳುವುದು. ಗಿರಿಜಾ "ಈಗ ಬಂತು" ಎಂದು ನಗುವುದು. ಒಬ್ಬರು ವಿಭೂತಿ ತಂದು ಪಟ್ಟಿಯ ಸಂದಿಗೆ ಒಂದಿಷ್ಟು ಉದುರಿಸಿದರು ಎಂದೂ ಆಮೇಲೆ ಸುದ್ದಿಯಾಯಿತು. ಅಜ್ಜಿ ಮಾತ್ರ ಹೋಗಲಿಲ್ಲ. ಆಸ್ಪತ್ರೆ ಎಂದರೆ ಅವಳ ಪಾಲಿಗೆ ಮೈಲಿಗೆಯ ತವರುಮನೆ. ಮೆಣಸಿನ ಸಾರು ಮಾಡಿ ಕ್ಯಾರಿಯರಿನಲ್ಲಿ ಹಾಕಿ ನನ್ನ ಕೈಯಲ್ಲಿ ಕಳಿಸಿದಳು.

ಒಂದು ಬೆಳಗ್ಗೆ ಕೆಂಪಣ್ಣನವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಅಂಗಡಿ ತೆರೆಯುವ ಹೊತ್ತಿನಲ್ಲಿ ಅವರು ಇತ್ತ ಬಂದವರೇ ಅಲ್ಲ. ಅಜ್ಜಿ ಮಡಿಯಲ್ಲಿ ಹುಳಿಗೆ ಬೇಳೆ ಇಟ್ಟಿದ್ದಳು, ಬಾಗಿಲಿಗೆ ಬಂದಳು.

"ಅಮ್ಮಾವ್ರೆ, ಮಗೀಗೆ ಜ್ವರ ಇಳೀತಿಲ್ಲ. ಮಂಡಿ ಒಳ್ಗೆ ಕೀವು ತುಂಬ್ಕೊಂಡೈತಂತೆ."

"ಅದೇನಪ್ಪಾ? ಆಪರೇಷನ್ ಚೆನ್ನಾಗಾಯ್ತು ಅಂದ್ರಲ್ಲ!"

"ಅದು ಚೆನ್ನಾಗೇ ಆಗೈತಂತೆ. ಆಮೇಲೆ ಇನ್‌ಫೆಕ್ಷನ್ ಆಗೈತೆ ಅಂತಾರೆ. ಮತ್ತೆ ಬಿಚ್ಚಿ ತೊಳೀಬೇಕಂತೆ. ಔಷಧಿಗೆ ಬಗ್ಗಿಲ್ಲ ಅಂದ್ರೆ..." ಅವರು ಗೇಟಿನ ಸರಳನ್ನು ಹಿಡಿದುಕೊಂಡರು. "ಕಾಲೇ ತೆಗೀಬೇಕಾಗ್ಬೋದು ಅಂದ್ರು."

ಆಗ ಅಜ್ಜಿ ಕೂತುಬಿಟ್ಟಳು. ಎಲ್ಲಿ ಗೊತ್ತೇ? ಜಗಲಿಯ ಮೇಲೆ. ಪೋಸ್ಟಿನವನು, ಸೊಪ್ಪಿನವಳು, ಗಿರಿಜಾ, ಬೀದಿ ನಾಯಿ ಎಲ್ಲರೂ ಕೂರುವ ಜಗಲಿಯ ಮೇಲೆ, ಮಡಿಸೀರೆಯಲ್ಲಿ. ಅಮ್ಮ ಒಳಗಿನಿಂದ ಓಡಿ ಬಂದು ಹೌಹಾರಿ ನಿಂತಳು. ಕಾಲಿನ ಸುದ್ದಿ ಅವಳಿಗೆ ಇನ್ನೂ ಗೊತ್ತಿರಲಿಲ್ಲ, ಅತ್ತೆಗೇ ಏನೋ ಆಗಿದೆ ಎಂದುಕೊಂಡಳು. ಒಳಗೆ ಬೇಳೆ ಸೀದ ವಾಸನೆ ಬಂದರೂ ಯಾರೂ ಕದಲಲಿಲ್ಲ. ಕಾಲು ಮುರಿಯುವುದು ನನಗೆ ಗೊತ್ತಿತ್ತು, ಉಳುಕುವುದು ಗೊತ್ತಿತ್ತು. ಗಿರಿಜಾಳ ಕಾಲನ್ನು ತೆಗೆಯುವುದು ಎಂದರೆ ಏನು? ತೆಗೆದು ಎಲ್ಲಿ ಇಡುತ್ತಾರೆ? ಇಂಥ ಪೆದ್ದು ಪ್ರಶ್ನೆಗಳೇ ತಲೆಯಲ್ಲಿ ಸುತ್ತುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ರಸ್ತೆಯೆಲ್ಲ ರಾಮಣ್ಣನ ಅಂಗಡಿಯ ಮುಂದಿತ್ತು. ಕಾಫಿಬೀಜ ಹುರಿಯುವ ಯಂತ್ರ ನಿಂತಿತ್ತು. ಎಲ್ಲರೂ ಒಟ್ಟಿಗೆ ಮಾತಾಡಿದರು.

"ಲೇ, ಆ ಪಟ್ಟಿ ಮೇಲೆ ಕೈ ಇಟ್ಟಿದ್ದು ಯಾರೋ?"

"ಎಲ್ರೂ ಇಟ್ವಲ್ಲ ಗುರು. ನೀನೂ ಇಟ್ಟೆ."

"ಡಾಕ್ಟ್ರು ಏನಂತಾರೆ? ನಮ್ಮಿಂದ ಆಗಿದ್ದಾ?"

"ಎಲ್ಲಿಂದ ಬಂತು ಅಂತ ಹೇಳಕ್ಕಾಗಲ್ವಂತೆ. ಯಾರಿಂದ್ಲಾದ್ರೂ ಆಗ್ಬೋದು, ಯಾರಿಂದ್ಲೂ ಆಗ್ದೇನೂ ಇರ್ಬೋದಂತೆ."

ಆ ಮಾತು ಇನ್ನೂ ಕೆಟ್ಟದಾಗಿತ್ತು. ಯಾರದು ಎಂದು ಗೊತ್ತಾದರೆ ಅವನನ್ನು ಬೈದಾದರೂ ಹಗುರವಾಗಬಹುದಿತ್ತು. ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ರಾಮಣ್ಣ ಬೀರುವಿನ ಗಾಜಿನ ಮೇಲಿದ್ದ ಪೇಪರಿನ ಚೂರುಗಳನ್ನು ನೋಡುತ್ತಾ, "ಆಡೋದು ಬಿಡ್ಲಿ, ಕಾಲೊಂದು ಉಳೀಲಿ ಸಾಕು" ಎಂದ. ಇಡೀ ರಾಜ್ಯದಲ್ಲಿ ಯಾರ ಕೈಗೂ ಸಿಗದ ಹುಡುಗಿಯನ್ನು ಕಣ್ಣಿಗೇ ಕಾಣದ ಒಂದು ಕ್ರಿಮಿ ಮುಟ್ಟಿಬಿಟ್ಟಿತ್ತು. ಇದನ್ನು ನಂಬುವುದಕ್ಕೆ ನಮಗೆ ಆಗಲೇ ಇಲ್ಲ.

ಮರುದಿನ ಕೆಂಪಣ್ಣನವರು ಆಸ್ಪತ್ರೆಯ ಹೊಸ ಕಟ್ಟಳೆಗಳನ್ನು ತಂದರು. ಗುಂಪು ಕಟ್ಟಿಕೊಂಡು ಬರಕೂಡದು. ಬಂದರೆ ಒಬ್ಬರೇ ಬರಬೇಕು. ಒಗೆದ ಬಟ್ಟೆ ಉಟ್ಟಿರಬೇಕು, ಕೈ ತೊಳೆಯಬೇಕು, ರೋಗಿಯನ್ನಾಗಲಿ ಮಂಚವನ್ನಾಗಲಿ ಮುಟ್ಟಕೂಡದು, ಹೊರಗಿನದು ಏನನ್ನೂ ಒಳಗೆ ತರಕೂಡದು. ಅಜ್ಜಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಕೇಳುತ್ತಾ ಕೇಳುತ್ತಾ ಅವಳ ಬೆನ್ನು ನೆಟ್ಟಗಾಯಿತು.

"ಅಂದ್ರೆ ಮಡಿ ಅಲ್ವೇನೇ ಇದು!" ಎಂದಳು. "ಈ ರಸ್ತೇಲಿ ಯಾರಿಗೆ ಮಡಿ ಗೊತ್ತಿದೆ ಹೇಳು? ಬೀದಿ ಜನ ಎಲ್ಲಾ ಹೋಗಿ ಮುಟ್ಟಿ ಮುಟ್ಟಿ ಬಂದ್ರು. ನಾನು ಹೋಗ್ಬೇಕಾಗಿತ್ತು."

ಅಮ್ಮನಿಗೆ ಮತ್ತೊಂದು ಆಘಾತ. ಆಸ್ಪತ್ರೆಯ ಬೀದಿಯಲ್ಲಿ ನಡೆದು ಬಂದರೂ ಸ್ನಾನ ಮಾಡುತ್ತಿದ್ದ ಅತ್ತೆ ಆಸ್ಪತ್ರೆಗೇ ಹೊರಟು ನಿಂತಿದ್ದಾಳೆ! ಅಜ್ಜಿ ತಣ್ಣೀರು ಸುರಿದುಕೊಂಡು, ಈ ಕೋಲಿನಿಂದಲೇ ಗಳದ ಮೇಲಿನ ಪಟ್ಟೆ ಸೀರೆಯನ್ನು ಇಳಿಸಿದಳು. ಅದು ಮಡಿಗಳಲ್ಲೆಲ್ಲ ದೊಡ್ಡ ಮಡಿ. ಹಬ್ಬಕ್ಕೆ, ಶ್ರಾದ್ಧಕ್ಕೆ ಉಡುವ ರೇಷ್ಮೆ ಸೀರೆ. ಸರಿ, ಆಟೋ ಕರೆದೆ. ಜೊತೆಯಲ್ಲಿ ಕೂತರೆ ನಾನು ಸೋಕುತ್ತೇನಲ್ಲ! ಅಜ್ಜಿ ಒಂದು ಆಟೋದಲ್ಲಿ, ನಾನು ಇನ್ನೊಂದರಲ್ಲಿ. ಮಾರ್ಕೆಟ್ಟಿನ ಹತ್ತಿರ ಬಸ್ಸುಗಳ ನಡುವೆ ಅಜ್ಜಿಯ ಆಟೋ ಕಣ್ಮರೆಯಾದಾಗ ನನ್ನ ಆಟೋದವನು, "ಏನಮ್ಮಾ, ಮುಂದೆ ಹೋಗ್ತಿರೋ ಅಜ್ಜಿ ನಿಮಗೆ ದುಡ್ಡು ಕೊಡ್ಬೇಕಾ?" ಎಂದು ಕೇಳಿದ.

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದರು. ಮಂಗಳೂರಿನ ಕಡೆಯವರು, ಮಾತು ಸ್ಪಷ್ಟ, ಪುಸ್ತಕದ ಹಾಗೆ. ಅಜ್ಜಿ ತಾನೇ ಮುಂದಾಗಿ, "ನಾನು ಮಡೀಲಿದೀನಮ್ಮಾ. ಯಾರನ್ನೂ ಮುಟ್ಟಿಲ್ಲ" ಎಂದಳು.

ನರ್ಸ್ ಸೀರೆಯ ಕಡೆ ನೋಡಿದರು. "ಒಳ್ಳೆಯದು ಅಜ್ಜಿ. ಈ ಸೀರೆ ಒಗೆದು ಎಷ್ಟು ದಿನ ಆಯಿತು?"

"ಪಟ್ಟೆ ಸೀರೇನ ಯಾರಾದ್ರೂ ಒಗೀತಾರೇನಮ್ಮಾ? ರೇಷ್ಮೆಗೆ ಮೈಲಿಗೆ ಇಲ್ಲ."

ನರ್ಸಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಅದೇ ಮೊದಲ ಸಲ ಆ ಸೀರೆಯ ವಾಸನೆ ಬೇರೆಯಾಗಿ ಬಂತು. ಇಂಗು, ದೀಪದೆಣ್ಣೆ, ಒಲೆಯ ಹೊಗೆ, ವರ್ಷಗಳ ಬೆವರು. ಚಿಕ್ಕಂದಿನಿಂದ ಇದು ಮಡಿಯ ವಾಸನೆ ಎಂದೇ ತಿಳಿದಿದ್ದೆ. ಅದನ್ನು ಉಟ್ಟಾಗ ಅಜ್ಜಿಯನ್ನು ನಾವು ಮುಟ್ಟಿದರೆ ಮಡಿ ಕೆಡುತ್ತದೆ ಎಂದು ದೂರ ನಿಲ್ಲುತ್ತಿದ್ದೆವು. ಈಗ ಒಬ್ಬರು ಬಾಗಿಲಲ್ಲಿ ನಿಂತು, ಆ ಸೀರೆ ಮುಟ್ಟಿದರೆ ಗಿರಿಜಾ ಕೆಡುತ್ತಾಳೆ ಎನ್ನುತ್ತಿದ್ದರು.

"ಹೀಗೇ ಒಳಗೆ ಹೋಗುವ ಹಾಗಿಲ್ಲ ಅಜ್ಜಿ" ಎಂದು ನರ್ಸ್ ಒಂದು ಹಸಿರು ಗೌನು ತೆಗೆದರು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. "ಇದನ್ನ ಯಾರ್ಯಾರು ಹಾಕ್ಕೊಂಡಿದ್ರೋ?" "ಯಾರು ಹಾಕಿಕೊಂಡರೂ ಕುದಿಸಿಯೇ ಇಡುವುದು ಅಜ್ಜಿ." ಅಜ್ಜಿ ನನ್ನ ಮುಖ ನೋಡಿದಳು. ಇನ್ನು ವಾಪಸ್ಸು ಹೋಗುವುದೇ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಗಿರಿಜಾ ನರಳಿದ್ದು ಕೇಳಿಸಿತು. ಅಜ್ಜಿ ಎರಡೂ ಕೈ ಮುಂದೆ ಚಾಚಿದಳು. ಯಾರ್ಯಾರೋ ಹಾಕಿ ಬಿಚ್ಚಿದ್ದ ಆ ಗೌನನ್ನು ನರ್ಸ್ ಅವಳಿಗೆ ತೊಡಿಸಿ ಹಿಂದೆ ದಾರ ಕಟ್ಟಿದರು, ತಲೆಗೆ ಟೊಪ್ಪಿಗೆ ಹಾಕಿದರು. ಸೋಪು ಕೊಟ್ಟಾಗ ಅಜ್ಜಿ ಮೊಳಕೈವರೆಗೆ ತೊಳೆದ ಚಂದ ನೋಡಿ ನರ್ಸ್ ನಕ್ಕರು.

ನಾನು ಬಾಗಿಲಲ್ಲೇ ನಿಂತಿದ್ದೆ. ಗಿರಿಜಾಳ ಮುಖ ನನಗೆ ಗುರುತೇ ಸಿಗಲಿಲ್ಲ. ತುಟಿ ಒಡೆದು, ಕಣ್ಣು ಒಳಕ್ಕೆ ಹೋಗಿತ್ತು. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು, ಮಂಡಿ ಇದ್ದ ಜಾಗದಲ್ಲಿ ಪಟ್ಟಿಯ ದೊಡ್ಡ ಉಂಡೆ. ಒಂದು ಕೈಗೆ ಡ್ರಿಪ್ ಹಾಕಿತ್ತು, ಇನ್ನೊಂದು ಕೈ ಮಂಚದ ಅಂಚಿನಿಂದ ಹೊರಗೆ ಜೋತುಬಿದ್ದಿತ್ತು. ಅಜ್ಜಿ ಆ ಕೈಯ ಹತ್ತಿರಕ್ಕೆ ಹೋಗಿ, "ಗಿರಿಜಾ, ನಾನು ಕಣೇ" ಎಂದಳು.

ಗಿರಿಜಾ ಕಣ್ಣು ಬಿಟ್ಟಳು. ಗೌನು, ಟೊಪ್ಪಿಗೆ ಇದ್ದರೂ ದನಿ ಗೊತ್ತಾಯಿತು. ಮರುಕ್ಷಣ ಆ ಕೈಯನ್ನು ಗಕ್ಕನೆ ಒಳಕ್ಕೆ ಎಳೆದುಕೊಂಡಳು.

"ಅಜ್ಜಿ, ದೂರ ನಿಂತ್ಕೊಳ್ಳಿ. ನಿಮಗೆ ಮೈಲಿಗೆ ಆಗತ್ತೆ."

ಜ್ವರದಲ್ಲಿ ತಂದೆಯ ಗುರುತು ಕೂಡ ಸರಿಯಾಗಿ ಹತ್ತದೆ ಇದ್ದ ಹುಡುಗಿ ಅದು. ಇದೊಂದು ಮಾತ್ರ ಮರೆತಿರಲಿಲ್ಲ.

ಅಜ್ಜಿ ತೊಳೆದ ಕೈಗಳನ್ನು ಮುಂದೆ ಚಾಚಿದಳು. ಹಿಂದಿನಿಂದ ನರ್ಸ್, "ಮುಟ್ಟಬಾರದು ಅಜ್ಜಿ" ಎಂದರು. ಅಜ್ಜಿಯ ಕೈ ಗಾಳಿಯಲ್ಲೇ ನಿಂತಿತು. ಗಿರಿಜಾ ನಮ್ಮ ಜಗಲಿಯಲ್ಲಿ ಸರಿದು ನಿಲ್ಲುತ್ತಿದ್ದಳಲ್ಲ, ಹಾಗೆಯೇ ಅಜ್ಜಿ ಮಂಚದಿಂದ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ವಾಪಸ್ಸು ಬರುವಾಗ ಅಜ್ಜಿ ನನ್ನ ಆಟೋಕ್ಕೇ ಹತ್ತಿದಳು. ಮನೆಗೆ ಬಂದವಳೇ ಹಂಡೆಗೆ ಉರಿ ಹಾಕಿ, ನೀರು ಕೊತಕೊತ ಕುದಿಯುವಾಗ ಪಟ್ಟೆ ಸೀರೆಯನ್ನು ತೆಗೆದು ಅದರೊಳಗೆ ಅದ್ದಿಬಿಟ್ಟಳು. ಅಮ್ಮ ಕಿರುಚಿದಳು. "ಅತ್ತೆ! ಪಟ್ಟೆ ಸೀರೆ!" ಅಜ್ಜಿ ಮಡಿಕೋಲಿನಿಂದಲೇ ಅದನ್ನು ಒಳಕ್ಕೆ ಒತ್ತುತ್ತಾ, "ಕುದಿಸ್ಬೇಕಂತೆ" ಎಂದಳು. ಸೀರೆ ಬಣ್ಣ ಬಿಟ್ಟು, ಮುದುಡಿ, ಮಗುವಿನ ಹಾಸಿನಷ್ಟಾಗಿ ಹೊರಬಂತು. ಈ ಕೋಲಿನ ತುದಿಯಲ್ಲಿ ಕೆಂಪು ಕಲೆ ಇನ್ನೂ ಇದೆ, ಬೇಕಾದರೆ ಬಂದು ನೋಡಿ.

ಗಿರಿಜಾಳ ಮಂಡಿಯನ್ನು ಮತ್ತೆ ಮತ್ತೆ ತೆರೆದು ತೊಳೆದರು. ಆ ವಾರಗಳಲ್ಲಿ ರಾಮಣ್ಣನ ಅಂಗಡಿಯ ಟೆಲಿಫೋನು ಹೊಡೆದುಕೊಂಡಾಗಲೆಲ್ಲ ರಸ್ತೆಯ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಜ್ವರ ಇಳಿಯಿತು. ಕಾಲು ಉಳಿಯಿತು. ಆದರೆ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ, ಕುಕ್ಕರಗಾಲಿನಲ್ಲಿ ಕೂರುವುದು ಇನ್ನಿಲ್ಲ ಎಂದರು. ಕುಕ್ಕರಗಾಲಿಲ್ಲದೆ ಖೋ ಖೋ ಎಲ್ಲಿಯದು? ಕಾಲು ಉಳಿದರೆ ಸಾಕು ಎಂದು ಹರಕೆ ಹೊತ್ತವರೇ ಈಗ ಆಟ ಹೋಯಿತಲ್ಲ ಎಂದು ಕಣ್ಣೀರಿಟ್ಟರು. ರಾಮಣ್ಣ ಬೀರುವಿನ ಗಾಜನ್ನು ಒರೆಸಲೇ ಇಲ್ಲ. ಆಮೇಲೆ ಬಹಳ ವರ್ಷ ಗಿರಿಜಾ ಅದೇ ಮೈದಾನದಲ್ಲಿ ಸೀಟಿ ಊದುತ್ತಾ ಮಕ್ಕಳಿಗೆ ಆಟ ಹೇಳಿಕೊಟ್ಟಳು, ನಿಂತುಕೊಂಡೇ.

ಅವಳು ಆಸ್ಪತ್ರೆಯಿಂದ ಬಂದು ನಡೆಯಲು ಶುರು ಮಾಡಿದ ಮೇಲೆ ಒಂದು ಬೆಳಗ್ಗೆ ನಮ್ಮ ಗೇಟಿನಲ್ಲಿ ಊರುಗೋಲಿನ ಸದ್ದಾಯಿತು. "ಅಜ್ಜೀ" ಎಂದು ಕರೆದಳು. ಜಗಲಿಯ ಹತ್ತಿರ ಬಂದು ನಿಂತಳು. ನಮ್ಮ ಜಗಲಿ ತಗ್ಗು. ಆ ಕಾಲಿನಲ್ಲಿ ಕೂರಲು ಬಗ್ಗುವುದಕ್ಕೆ ಅವಳಿಗೆ ಆಗುವಂತಿರಲಿಲ್ಲ. ಗೂಡಿನಲ್ಲಿದ್ದ ತನ್ನ ಲೋಟದ ಕಡೆ ನೋಡಿ, "ನಿಂತೇ ಕುಡೀತೀನಿ ಅಜ್ಜಿ, ಪರ್ವಾಗಿಲ್ಲ" ಎಂದಳು.

ಅಜ್ಜಿ ಮಡಿಯಲ್ಲಿದ್ದಳು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು, ನೈವೇದ್ಯ ಇನ್ನೂ ಆಗಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಗಿರಿಜಾ ಅಭ್ಯಾಸದಂತೆ ಸರಿಯಲು ನೋಡಿದಳು, ಕಾಲು ತಿರುಗಲಿಲ್ಲ. ಅಜ್ಜಿ ಅವಳ ಮುಂಗೈ ಹಿಡಿದಳು, ಸೊಂಟ ಬಳಸಿ ಹಿಡಿದಳು, ಹೊಸಲು ದಾಟಿಸಿದಳು, ನಡುಮನೆ ದಾಟಿಸಿ ಅಡುಗೆಮನೆಯ ಬಾಗಿಲಲ್ಲಿ ತಾತನ ಎತ್ತರದ ಕುರ್ಚಿ ಎಳೆದು ಅದರಲ್ಲಿ ಕೂರಿಸಿದಳು. ಆಮೇಲೆ ಅಜ್ಜಿ ಅದೇ ಸೀರೆಯಲ್ಲಿ ಒಲೆಯ ಮುಂದೆ ಹೋಗಿ ಹುಳಿಗೆ ಉಪ್ಪು ಹಾಕಿದಳು.

ಅಮ್ಮ ಬಾಯಿ ತೆರೆದುಕೊಂಡು ನಿಂತಿದ್ದವಳು ಕೊನೆಗೆ ಪಿಸುಗುಟ್ಟಿದಳು. "ಅತ್ತೆ, ಮಡಿ... ಮುಟ್ಟಿದ್ರಲ್ಲ?"

ಅಜ್ಜಿ ಸೌಟು ಬಿಡದೆ ಹೇಳಿದಳು, "ಈಗ ಮುಟ್ಬಹುದು ಕಣೇ. ಡಾಕ್ಟ್ರೇ ಹೇಳಿದಾರಂತೆ."